ಹಳೆ ಕಾರಿಗೆ ದೊಡ್ಡ ಆಲ್ಟರ್ನೇಟರ್: ಮಳೆಗಾಲಕ್ಕೆ ಮುಂಚೆ ಮನೆಯಂಗಳದಲ್ಲೇ ಹಾಕುವ ಕ್ರಮ

ಮಿರಗದ ಮಳೆ ಹಿಡಿಯಿತು ಅಂದರೆ ಸಾಕು, ಒಂದೇ ಪ್ರಶ್ನೆ ಎಲ್ಲ ಕಡೆಯಿಂದ ಬರುತ್ತದೆ. "ದೇವಿಮನೆ ಘಟ್ಟದಲ್ಲಿ ನಿಧಾನಕ್ಕೆ ಹೋಗುವಾಗ ಹೆಡ್‌ಲೈಟ್ ಮಂಕಾಗ್ತದೆ, ವೈಪರ್ ತೆವಳ್ತದೆ. ದೊಡ್ಡ ಡೈನಮೋ ಹಾಕಬಹುದಾ?" ಕಾರವಾರ, ಅಂಕೋಲಾ, ಕುಮಟಾದವರೂ ಕೇಳುತ್ತಾರೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರೂ ಕೇಳುತ್ತಾರೆ. ಹಳೆ ಓಮ್ನಿ, ಹಳೆ ಜೀಪು, 800, ಜಿಪ್ಸಿ ಇಟ್ಟುಕೊಂಡವರೇ ಜಾಸ್ತಿ.

ಹಾಕಬಹುದು. ಪಾನೆ ಹಿಡಿಯುವ ಅಭ್ಯಾಸ ಇದ್ದರೆ ಒಂದು ಭಾನುವಾರದ ಕೆಲಸ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕರೆಂಟ್ ಹುಟ್ಟುವ ಜಾಗ ದೊಡ್ಡದಾದರೆ ಅದು ಹರಿಯುವ ದಾರಿಯೂ ದೊಡ್ಡದಾಗಬೇಕು. ವಯರು, ಅರ್ಥ್ (ಎಂಜಿನ್, ಬಾಡಿಯ ಮೂಲಕ ಕರೆಂಟ್ ಬ್ಯಾಟರಿಗೆ ಮರಳುವ ದಾರಿ), ಬೆಲ್ಟ್ ಹಳೆಯದೇ ಇಟ್ಟು ಬರೀ ಆಲ್ಟರ್ನೇಟರ್ ಬದಲಿಸಿದವರು ದುಡ್ಡು ಕಳೆದುಕೊಳ್ಳುತ್ತಾರೆ, ಕೆಲವೊಮ್ಮೆ ವಯರಿಂಗನ್ನೇ ಸುಟ್ಟುಕೊಳ್ಳುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಆಲ್ಟರ್ನೇಟರಿಗಿಂತ ವಯರಿನ ಮಾತೇ ಹೆಚ್ಚು.

ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ ಯಾವುದೇ ಇರಲಿ, ನಮ್ಮ ಕಡೆ ಡೈನಮೋ ಅಂತಲೇ ಕರೆಯುತ್ತೇವೆ. ನಿಜವಾದ ಡೈನಮೋ ಇದ್ದದ್ದು ಹಳೆ ಅಂಬಾಸಿಡರ್, ಹಳೆ ಜೀಪುಗಳಲ್ಲಿ. ಎಂಜಿನ್ ನಿಧಾನಕ್ಕೆ ತಿರುಗುವಾಗ ಅದು ಚಾರ್ಜ್ ಕೊಡುತ್ತಲೇ ಇರಲಿಲ್ಲ ಅನ್ನಬಹುದು. 1983ರ ಕೊನೆಗೆ ಮಾರುತಿ 800 ಬರುವ ಹೊತ್ತಿಗೆ ಆಲ್ಟರ್ನೇಟರ್ ಬಂದಾಗಿತ್ತು. ಇದರೊಳಗೆ ತಿರುಗುವ ಕಾಯಿಲಿಗೆ ರೋಟರ್ ಅಂತ ಹೆಸರು, ಸುತ್ತ ನಿಂತಿರುವ ಕಾಯಿಲಿಗೆ ಸ್ಟೇಟರ್. ಹುಟ್ಟಿದ ಎ.ಸಿ. ಕರೆಂಟನ್ನು ಡಿ.ಸಿ. ಮಾಡುವುದು ಡಯೋಡ್. ವೋಲ್ಟೇಜನ್ನು ಹದದಲ್ಲಿಡುವುದು ರೆಗ್ಯುಲೇಟರ್, ಹಳೆ ಮೆಕ್ಯಾನಿಕ್‌ಗಳು ಕಟೌಟ್ ಅನ್ನುವುದು ಇದಕ್ಕೇ. ಇಷ್ಟು ಗೊತ್ತಿದ್ದರೆ ಕೆಲಸಕ್ಕೆ ಸಾಕು.

ಎಂಜಿನ್ ಕಂಪ್ಯೂಟರೇ ಚಾರ್ಜಿಂಗ್ ನಿಯಂತ್ರಿಸುವ ಹೊಸ ಗಾಡಿಗಳಿಗೆ ಈ ಕ್ರಮ ಬೇಡ.

ಹಂತ 1: ಬಿಚ್ಚುವ ಮುಂಚೆ ಅಳೆಯಿರಿ

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ತನ್ನಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಸುಮಾರು ಅರ್ಧ. ಅರ್ಧ ಇದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಮುಂದಿನ ಪರೀಕ್ಷೆ.

ಈಗ ಎಂಜಿನ್ ಶುರು ಮಾಡಿ. ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಹೆಡ್‌ಲೈಟ್, ವೈಪರ್, ಬ್ಲೋವರ್, ಎ.ಸಿ. ಎಲ್ಲ ಹಾಕಿ. ಎಂಜಿನ್ ಸುಮ್ನೆ ನಿಂತಲ್ಲೇ ತಿರುಗುವಾಗ 13ಕ್ಕಿಂತ ಕೆಳಗಿಳಿದು, ಆಕ್ಸಿಲರೇಟರ್ ಸ್ವಲ್ಪ ಒತ್ತಿದ ಕೂಡಲೇ 13.5 ದಾಟಿತು ಅಂದರೆ ಆಲ್ಟರ್ನೇಟರಿಗೆ ಶಕ್ತಿ ಸಾಲುತ್ತಿಲ್ಲ. ಒತ್ತಿದರೂ ಏರಲಿಲ್ಲ ಅಂದರೆ ಬೇರೇನೋ ಕೆಟ್ಟಿದೆ. ಅದನ್ನು ಹುಡುಕದೆ ದೊಡ್ಡದು ಹಾಕಿದರೆ ಪ್ರಯೋಜನವಿಲ್ಲ.

ಇನ್ನೆರಡು ಅಳತೆಗಳನ್ನು ದಯವಿಟ್ಟು ಬಿಡಬೇಡಿ. ಎಲ್ಲ ಲೋಡ್ ಹಾಕಿಟ್ಟು, ಎಂಜಿನ್ ಓಡುತ್ತಿರುವಾಗಲೇ ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೆ ಮುಟ್ಟಿಸಿ. ಇದೇ ಬಿ ಪ್ಲಸ್, ಕರೆಂಟ್ ಹೊರಬರುವ ಜಾಗ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ. 0.3 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ದಾರಿಯಲ್ಲೇ ವೋಲ್ಟೇಜ್ ಕಳೆದುಹೋಗುತ್ತಿದೆ ಅಂತ ಅರ್ಥ. ಹಾಗೇ ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಅಳೆಯಿರಿ, ಅಲ್ಲಿ 0.2 ದಾಟಬಾರದು.

ಕರಾವಳಿಯವರಿಗೆ ಈ ಎರಡನೇ ಅಳತೆ ಬಹಳ ಮುಖ್ಯ. ನಮ್ಮ ಗಾಳಿಯಲ್ಲಿ ಉಪ್ಪಿದೆ. ನನ್ನ ಓಮ್ನಿಯಲ್ಲಿ ಎಂಜಿನ್ನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ಮೇಲಿಂದ ನೋಡಿದರೆ ಸರಿಯಾಗೇ ಇತ್ತು. ಬಿಚ್ಚಿ ಬಗ್ಗಿಸಿದೆ. ಹೆಣೆದ ತಂತಿಯ ಒಳಗಿಂದ ಹಸಿರು ಕಿಲುಬು ಪುಡಿಪುಡಿಯಾಗಿ ಅಂಗೈಗೆ ಉದುರಿತು. ನೂರಾರು ಎಳೆಯಲ್ಲಿ ಗಟ್ಟಿಯಾಗಿ ಉಳಿದದ್ದು ಬೆರಳೆಣಿಕೆಯಷ್ಟು. ಆ ಪಟ್ಟಿ ಬದಲಿಸಿದ ಮೇಲೆ ಅರ್ಧ ತೊಂದರೆ ಹೋಯಿತು. ಕೇಳಿದವರಲ್ಲಿ ಎಷ್ಟೋ ಜನರಿಗೆ ಅರ್ಥ್ ಪಟ್ಟಿ ಬದಲಿಸಿ, ಹೆಡ್‌ಲೈಟಿಗೆ ರಿಲೇ ಹಾಕಿದ್ದರಲ್ಲೇ ಕೆಲಸ ಮುಗಿದಿದೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ಚು. ಆಗ ಬಲ್ಬಿನ ಕರೆಂಟ್ ಸ್ಟಿಯರಿಂಗ್ ಪಕ್ಕದ ಸವೆದ ಸ್ವಿಚ್ಚಿಗೆ ಹೋಗಿ ಸುತ್ತಿ ಬರುವುದಿಲ್ಲ.

ಓಡುವ ಎಂಜಿನ್ ಹತ್ತಿರ ಹೋಗುವಾಗ ಲುಂಗಿ, ಪಂಚೆ ಬೇಡ, ಪ್ಯಾಂಟ್ ಹಾಕಿಕೊಳ್ಳಿ. ಹೆಗಲ ಮೇಲಿನ ಟವೆಲ್ ತೆಗೆದಿಡಿ. ಬೆಲ್ಟ್ ಬಟ್ಟೆಯ ತುದಿ ಹಿಡಿದರೆ ಕೈ ಎಳೆದುಕೊಳ್ಳುವಷ್ಟೂ ಸಮಯ ಸಿಗುವುದಿಲ್ಲ.

ಹಂತ 2: ನಿಮಗೆ ಎಷ್ಟು ಆಂಪ್ ಬೇಕು?

ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ. ವಾಟ್ ಸಂಖ್ಯೆಯನ್ನು 13.5ರಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. ಎ.ಸಿ. ಇರುವ ಒಂದು ಹಳೆ ಪೆಟ್ರೋಲ್ ಕಾರು ಮಳೆಯ ರಾತ್ರಿ ಏನೇನು ಎಳೆಯುತ್ತದೆ ನೋಡೋಣ. ಇವು ಅಂದಾಜು ಲೆಕ್ಕ, ನಿಮ್ಮ ಗಾಡಿಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ.

55 ವಾಟಿನ ಎರಡು ಲೋ ಬೀಮ್: 8 ಆಂಪ್
ಹಿಂದಿನ ದೀಪ, ನಂಬರ್ ಪ್ಲೇಟ್, ಮೀಟರ್ ದೀಪ: 3
ಬ್ರೇಕ್ ದೀಪ: 3
ವೈಪರ್: 4
ಬ್ಲೋವರ್: 12
ರೇಡಿಯೇಟರ್ ಫ್ಯಾನ್: 10
ಎ.ಸಿ. ಕ್ಲಚ್: 4
ಇಗ್ನಿಷನ್, ಪೆಟ್ರೋಲ್ ಪಂಪ್, ಇಂಜೆಕ್ಟರ್: 8
ರೇಡಿಯೋ: 2

ಒಟ್ಟು 54. ಆಲ್ಟರ್ನೇಟರ್ 45 ಆಂಪಿನದ್ದಾದರೆ ಓಡುವಾಗಲೇ ಸಾಲುವುದಿಲ್ಲ. ಅದೂ ಅಲ್ಲದೆ ಆಲ್ಟರ್ನೇಟರಿಗೆ ಅಂಟಿಸಿದ ಚೀಟಿಯ ಮೇಲಿನ ಸಂಖ್ಯೆ ಜೋರಾಗಿ ತಿರುಗುವಾಗಿನದ್ದು. ನಿಂತಲ್ಲೇ ತಿರುಗುವಾಗ ಅದರ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಾತ್ರ ಬರುತ್ತದೆ. ಅಂದರೆ ಇಪ್ಪತ್ತು ಚಿಲ್ಲರೆ ಆಂಪ್. ಉಳಿದ ಮೂವತ್ತನ್ನು ಬ್ಯಾಟರಿಯೇ ಕೊಡಬೇಕು. ಅರಬೈಲ್ ಘಟ್ಟದಲ್ಲಿ ಮರ ಬಿದ್ದು ಗಾಡಿಗಳ ಲೈನ್ ನಿಂತಿದೆ ಅಂದುಕೊಳ್ಳಿ. 35 ಆಂಪ್-ಅವರ್ ಬ್ಯಾಟರಿ ಒಂದು ತಾಸಿಗೆ ಬರಿದಾಗುತ್ತದೆ. ಮತ್ತೆ ಸೆಲ್ಫ್ ಹೊಡೆದರೆ ಟಿಕ್ ಟಿಕ್ ಅನ್ನುವ ಸದ್ದು ಮಾತ್ರ.

ನಿಮ್ಮ ಒಟ್ಟು ಲೆಕ್ಕಕ್ಕೆ ಕಾಲು ಭಾಗ ಸೇರಿಸಿ. 54ಕ್ಕೆ ಸೇರಿಸಿದರೆ 65ರಿಂದ 70. ಅಷ್ಟು ಸಾಕು. 90, 100 ಅಂತ ಆಸೆ ಪಡಬೇಡಿ. ಹಳೆ ಗಾಡಿಗಳಲ್ಲಿ ಇರುವುದು ಒಂದೇ ವಿ-ಬೆಲ್ಟ್. 65 ಆಂಪ್ ಪೂರ್ತಿ ಎಳೆದಾಗ ಆಲ್ಟರ್ನೇಟರ್ ಎಂಜಿನ್ನಿಂದ ಸುಮಾರು ಎರಡು ಅಶ್ವಶಕ್ತಿ ತಿನ್ನುತ್ತದೆ. ಅದಕ್ಕಿಂತ ಬಹಳ ಮೇಲೆ ಹೋದರೆ ಒಂಟಿ ಬೆಲ್ಟ್ ಜಾರುತ್ತದೆ, ಕಿರುಚುತ್ತದೆ, ಬೇಗ ಸವೆಯುತ್ತದೆ.

ಆಂಪ್ ಜಾಸ್ತಿಯಾದರೆ ಬ್ಯಾಟರಿ ಕುದಿದುಹೋಗುತ್ತದೆ ಅಂತ ಹೆದರಿಸುವವರಿದ್ದಾರೆ. ಹಾಗಾಗುವುದಿಲ್ಲ. ಬ್ಯಾಟರಿ ಕುದಿಯುವುದು ವೋಲ್ಟೇಜ್ ಏರಿದರೆ. ರೆಗ್ಯುಲೇಟರ್ ಸರಿ ಇದ್ದರೆ ತನಗೆ ಬೇಕಾದಷ್ಟೇ ಆಂಪನ್ನು ಬ್ಯಾಟರಿ ಎಳೆದುಕೊಳ್ಳುತ್ತದೆ.

ಹಂತ 3: ಸರಿಯಾದದ್ದನ್ನು ಆರಿಸಿ

ನಿಮ್ಮದೇ ಮಾಡೆಲ್ಲಿನ ಎ.ಸಿ. ಗಾಡಿಯದ್ದೋ, ಅದೇ ಎಂಜಿನ್ ಇರುವ ನಂತರದ ಗಾಡಿಯದ್ದೋ ಸಿಗುತ್ತದಾ ಅಂತ ಮೊದಲು ಕೇಳಿ. ಹೆಚ್ಚಾಗಿ ಅದೇ ಕಿವಿ (ಬೋಲ್ಟ್ ಕೂರುವ ಚಾಚು), ಅದೇ ಬೋಲ್ಟು, ಆಂಪ್ ಮಾತ್ರ ಜಾಸ್ತಿ ಇರುತ್ತದೆ. ಊರಲ್ಲಿ ಸಿಗದಿದ್ದರೆ ಹುಬ್ಬಳ್ಳಿಗೆ ಹೋಗಬೇಕಾಗುತ್ತದೆ. ಹೋಗುವಾಗ ಹಳೆಯದನ್ನೇ ಬಿಚ್ಚಿ (ಬಿಚ್ಚುವ ಕ್ರಮ ಹಂತ 5ರಲ್ಲಿದೆ) ಚೀಲದಲ್ಲಿ ಹಾಕಿಕೊಂಡು ಹೋಗಿ. ಫೋಟೋ ನೋಡಿ ಕೊಟ್ಟದ್ದು ಕೂರುವುದಿಲ್ಲ. ಒಂದು ಎಚ್ಚರ: ಹಳೆಯದನ್ನು ಬಿಚ್ಚಿದ ಗಾಡಿಯನ್ನು ಓಡಿಸಬೇಡಿ. ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ.

ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಿವಿಗಳ ನಡುವಿನ ಅಂತರ, ಬೋಲ್ಟ್ ತೂತಿನ ಅಳತೆ, ಪುಲ್ಲಿಯಲ್ಲಿ (ಬೆಲ್ಟ್ ಕೂರುವ ಚಕ್ರ) ಇರುವ ತೋಡು ವಿ ಆಕಾರದ್ದೋ ಹಲವು ಗೆರೆಯದ್ದೋ, ಪುಲ್ಲಿ ಎಷ್ಟು ಮುಂದೆ ಚಾಚಿದೆ, ತಿರುಗುವ ದಿಕ್ಕು, ಹಿಂದಿನ ಪ್ಲಗ್ಗಿನ ಕಡ್ಡಿಗಳು. ಪ್ಲಗ್ಗಿನ ಪಕ್ಕ ಎಲ್, ಐಜಿ, ಎಸ್ ಅಂತ ಅಕ್ಷರಗಳಿರುತ್ತವೆ. ಎಲ್ ಅಂದರೆ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪದ ವಯರು. ಐಜಿ ಕೀಲಿ ತಿರುಗಿಸಿದಾಗ ಬರುವ ಕರೆಂಟ್. ಎಸ್ ಬ್ಯಾಟರಿಯ ವೋಲ್ಟೇಜ್ ಎಷ್ಟಿದೆ ಅಂತ ನೋಡುವ ವಯರು.

ಡೀಸೆಲ್ ಗಾಡಿಯವರು ಇಲ್ಲಿ ನಿಂತು ಓದಿ. ಹಲವು ಹಳೆ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಅಂಟಿಕೊಂಡಿರುತ್ತದೆ. ಬ್ರೇಕ್ ಪೆಡಲ್ ಹಗುರವಾಗಿ ಕೆಲಸ ಮಾಡುವುದು ಅದರಿಂದಲೇ. ಪಂಪ್ ಇಲ್ಲದ್ದನ್ನು ಹಾಕಿದಿರೋ, ಘಟ್ಟ ಇಳಿಯುವಾಗ ಪೆಡಲ್ ಕಲ್ಲಾಗುತ್ತದೆ. ಪಂಪ್ ಸಮೇತ ಇರುವುದೇ ಬೇಕು, ಅದರ ಎಂಜಿನ್ ಆಯಿಲ್ ಪೈಪುಗಳೂ ಸರಿಯಾಗಿ ಕೂರಬೇಕು. ಇದರಲ್ಲಿ ಸ್ವಲ್ಪ ಅನುಮಾನ ಬಂದರೂ ಈ ಕೆಲಸ ಮನೆಯಲ್ಲಿ ಬೇಡ.

ಗುಜರಿಯದ್ದು ತರುವುದಾದರೆ ಬೆಂಚಿನ ಮೇಲೆ ತಿರುಗಿಸಿ, ಲೋಡ್ ಹಾಕಿ ತೋರಿಸಲು ಹೇಳಿ. ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ ಬೇರಿಂಗ್ ಹೋಗಿದೆ. ನನ್ನ ಅಭಿಪ್ರಾಯದಲ್ಲಿ ಗುರುತಿಲ್ಲದ ಹೊಸ ಡೂಪ್ಲಿಕೇಟಿಗಿಂತ, ಹಳೆ ಅಸಲಿಗೆ ಹೊಸ ಬೇರಿಂಗ್, ಹೊಸ ಕಾರ್ಬನ್ (ರೋಟರಿಗೆ ಕರೆಂಟ್ ಮುಟ್ಟಿಸುವ ಬ್ರಶ್) ಹಾಕಿಸಿದ್ದೇ ಮೇಲು.

ಹಂತ 4: ವಯರು, ತಿಂಬಲ್, ಫ್ಯೂಸ್ ಒಟ್ಟುಮಾಡಿ

65 ಆಂಪಿಗೆ 16 ಸ್ಕ್ವೇರ್ ಎಂ.ಎಂ. ತಾಮ್ರದ ವಯರು ಬೇಕು. ಸಣ್ಣ ಎಳೆಗಳಿರುವ ಮೆತ್ತನೆಯದ್ದು ತೆಗೆದುಕೊಳ್ಳಿ, ಮನೆ ವಯರಿಂಗಿನ ಗಟ್ಟಿ ಎಳೆಯದ್ದು ಎಂಜಿನ್ ನಡುಕಕ್ಕೆ ಮುರಿಯುತ್ತದೆ. ಇಷ್ಟು ದಪ್ಪ ಯಾಕೆ ಅಂತೀರಾ? ಒಂದೂವರೆ ಮೀಟರ್ ಉದ್ದದ 6 ಸ್ಕ್ವೇರ್ ಎಂ.ಎಂ. ವಯರಿನಲ್ಲಿ 65 ಆಂಪ್ ಹರಿದರೆ 0.3 ವೋಲ್ಟ್ ಅಲ್ಲೇ ಹೋಯಿತು, ವಯರೂ ಬಿಸಿಯಾಯಿತು. 16ರಲ್ಲಿ 0.1ರ ಆಸುಪಾಸು ಅಷ್ಟೇ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ವಯರೂ ಮಾರಾಟಕ್ಕಿದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಆದರೆ ತವರ ಬಳಿದ ತಾಮ್ರದ ವಯರೂ ಹೊರಗೆ ಬೆಳ್ಳಗಿರುತ್ತದೆ, ಕೆರೆದರೆ ಒಳಗೆ ಕೆಂಪು. ಅದು ಕರಾವಳಿಗೆ ಇನ್ನೂ ಒಳ್ಳೆಯದು.

ವಯರಿನ ತುದಿಗೆ ಹಾಕುವ ತಿಂಬಲನ್ನು, ಅಂದರೆ ಬೋಲ್ಟಿಗೆ ಕೂರುವ ಲೋಹದ ಉಂಗುರವನ್ನು, ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿಸಿ. ಬ್ಯಾಟರಿ ಅಂಗಡಿಯಲ್ಲೋ, ಪಂಪ್‌ಸೆಟ್ ವೈಂಡಿಂಗ್ ಮಾಡುವವರಲ್ಲೋ ಆ ಯಂತ್ರ ಇರುತ್ತದೆ. ಸುತ್ತಿಗೆಯಿಂದ ಜಜ್ಜಿದ ತಿಂಬಲ್ ಮೊದಲ ಮಳೆಗಾಲ ದಾಟುವುದಿಲ್ಲ. ಒತ್ತಿದ ಮೇಲೆ ಒಳಮೈಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ (ಬಿಸಿಗೆ ಕುಗ್ಗಿ ಹಿಡಿದುಕೊಳ್ಳುವ ಕೊಳವೆ) ಹಾಕಿ ಬಿಸಿ ಮಾಡಿ, ಉಪ್ಪುಗಾಳಿ ಒಳಗೆ ಹೋಗಬಾರದು.

ಬ್ಯಾಟರಿಯಿಂದ ಒಂದು ಗೇಣಿನೊಳಗೆ 80 ಆಂಪಿನ ಬೋಲ್ಟ್ ಫ್ಯೂಸ್ ಇರಲಿ. ಹೊಸ ದಪ್ಪ ವಯರಿನ ಸಿಪ್ಪೆ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ ತಪ್ಪಿಸುವುದು ಅದೊಂದೇ. ಅದರ ಜೊತೆಗೆ ಅರ್ಥಿಗೂ ಅದೇ ದಪ್ಪದ ಎರಡು ತುಂಡು, ಸುಕ್ಕುಸುಕ್ಕಿನ ಪ್ಲಾಸ್ಟಿಕ್ ಪೈಪು, ರಬ್ಬರ್ ಗ್ರೋಮೆಟ್, ಹೊಸ ಬೆಲ್ಟ್, ಪೆಟ್ರೋಲಿಯಂ ಜೆಲ್ಲಿ, ಮರಳು ಕಾಗದ ತಂದಿಡಿ.

ಹಂತ 5: ಹಳೆಯದನ್ನು ಬಿಚ್ಚಿ

ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಬೋಲ್ಟುಗಳಿಗೆ ಬಿಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಶುರು ಮಾಡಿ. ಉಂಗುರ, ಗಡಿಯಾರ, ಕೈಗಡಗ ತೆಗೆದಿಡಿ. ಎಲ್ಲ ಕೋನದಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು. ಪಾಸಿಟಿವ್ ಮೊದಲು ಬಿಚ್ಚುವಾಗ ಪಾನೆ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಅನಿಲ ಇರುತ್ತದೆ. 1960ರ ದಶಕದ ಆಸುಪಾಸಿನ ಕೆಲವು ಗಾಡಿಗಳಲ್ಲಿ ಪಾಸಿಟಿವ್ವೇ ಬಾಡಿಗೆ ಸೇರಿರುತ್ತದೆ, ಅಂಥದ್ದಾದರೆ ಈ ಕ್ರಮದಲ್ಲಿ ಮುಂದೆ ಹೋಗಬೇಡಿ.

ವಯರುಗಳಿಗೆ ಚೀಟಿ ಅಂಟಿಸಿ ಬಿಚ್ಚಿ. ಮೇಲಿನ ಪಟ್ಟಿಯ ಬೋಲ್ಟ್ ಸಡಿಲಿಸಿ, ಆಲ್ಟರ್ನೇಟರನ್ನು ಎಂಜಿನ್ ಕಡೆ ತಳ್ಳಿ ಬೆಲ್ಟ್ ತೆಗೆಯಿರಿ. ಕೆಳಗಿನ ಉದ್ದ ಬೋಲ್ಟ್ ಕೊನೆಗೆ. ಅದು ಅಲುಗದಿದ್ದರೆ ಹಟಕ್ಕೆ ಬೀಳಬೇಡಿ. ಅಲ್ಯೂಮಿನಿಯಂ ಕಿವಿ ಮುರಿದರೆ ದೊಡ್ಡ ಖರ್ಚು. ಎಣ್ಣೆ ಬಿಟ್ಟು, ಚಹಾ ಕುಡಿದು ಬಂದು ಮತ್ತೆ ನೋಡಿ.

ಹಂತ 6: ಹೊಸದನ್ನು ಕೂರಿಸಿ

ಬ್ರಾಕೆಟ್ಟಿನ ಮುಖವನ್ನು ಲೋಹ ಹೊಳೆಯುವ ತನಕ ಉಜ್ಜಿ. ಆಲ್ಟರ್ನೇಟರಿನ ಅರ್ಥ್ ಹೋಗುವುದು ಈ ಮುಖದ ಮೂಲಕವೇ. ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಇನ್ನೂ ಬಿಗಿ ಮಾಡಬೇಡಿ. ನೇರವಾದ ಸ್ಕೇಲನ್ನೋ ಬಿಗಿಯಾಗಿ ಎಳೆದ ದಾರವನ್ನೋ ಕ್ರ್ಯಾಂಕ್ ಪುಲ್ಲಿಯ ಮುಖಕ್ಕೂ ಆಲ್ಟರ್ನೇಟರ್ ಪುಲ್ಲಿಯ ಮುಖಕ್ಕೂ ಹಿಡಿದು ನೋಡಿ. ಎರಡೂ ಒಂದೇ ಸಾಲಿನಲ್ಲಿರಬೇಕು. ವ್ಯತ್ಯಾಸ ಇದ್ದರೆ ವಾಶರ್ ಹಾಕಿ ಸರಿಮಾಡಿ, ಇಲ್ಲದಿದ್ದರೆ ಬೆಲ್ಟಿನ ಅಂಚು ದಾರದಾರವಾಗಿ ಬಿಡುತ್ತದೆ.

ಬೆಲ್ಟ್ ಎಳೆಯುವಾಗ ಸನ್ನೆಕೋಲನ್ನು ಆಲ್ಟರ್ನೇಟರಿನ ಮುಂಭಾಗದ ಗಟ್ಟಿ ಕವಚಕ್ಕೇ ಕೊಡಿ. ಹಿಂಭಾಗಕ್ಕೆ ಕೊಟ್ಟರೆ ಕವಚ ಒಡೆಯುತ್ತದೆ. ಬೆಲ್ಟಿನ ಉದ್ದ ಭಾಗದ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ತಂಬೂರಿ ತಂತಿಯ ಹಾಗೆ ಬಿಗಿದರೆ ವಾಟರ್ ಪಂಪಿನ ಬೇರಿಂಗ್ ಹಾಳಾಗುತ್ತದೆ.

ಹಂತ 7: ವಯರಿಂಗ್

ಬಿ ಪ್ಲಸ್‌ನಿಂದ ಹೊಸ ದಪ್ಪ ವಯರು ಫ್ಯೂಸಿಗೆ, ಫ್ಯೂಸಿಂದ ಬ್ಯಾಟರಿ ಪಾಸಿಟಿವ್‌ಗೆ. ಎಗ್ಸಾಸ್ಟ್ ಪೈಪಿನಿಂದ ದೂರ, ಬೆಲ್ಟಿನಿಂದ ದೂರ, ಪ್ಲಾಸ್ಟಿಕ್ ಪೈಪಿನ ಒಳಗೆ. ಎಂಜಿನ್ ಅಲುಗಾಡುತ್ತದೆ, ಹಾಗಾಗಿ ಸ್ವಲ್ಪ ಸಡಿಲು ಬಿಡಿ. ಹಳೆ ವಯರು ಅದರ ಪಾಡಿಗೆ ಇರಲಿ, ಫ್ಯೂಸ್ ಬಾಕ್ಸಿಗೆ ಅದೇ ಬೇಕಾಗಬಹುದು. ಆದರೆ ಅದರಲ್ಲಿರುವ ಫ್ಯೂಸಿಬಲ್ ಲಿಂಕನ್ನು, ಅಂದರೆ ಅಪಾಯ ಬಂದಾಗ ಕರಗಲೆಂದೇ ಇಟ್ಟ ತೆಳು ವಯರನ್ನು, "ಗಟ್ಟಿ ಮಾಡುತ್ತೇನೆ" ಅಂತ ದಪ್ಪದಕ್ಕೆ ಬದಲಿಸಬೇಡಿ.

ಹಳೆ ಜೀಪುಗಳಲ್ಲಿ ಇನ್ನೊಂದು ಬಲೆ ಇದೆ. ಡ್ಯಾಶ್‌ಬೋರ್ಡಿನಲ್ಲಿ ಆಂಪ್ ಮೀಟರ್ ಇದ್ದರೆ ಚಾರ್ಜಿಂಗ್ ಕರೆಂಟ್ ಪೂರ್ತಿ ಅದರೊಳಗೇ ಹಾದು ಬರುತ್ತದೆ. 30ರವರೆಗೆ ಗೆರೆ ಇರುವ ಮೀಟರಿನಲ್ಲಿ 60 ಹಾಯಿಸಿದರೆ ಅದರ ಹಿಂದಿನ ವಯರು ನಿಮ್ಮ ಮೊಣಕಾಲಿನ ಹತ್ತಿರವೇ ಕರಗುತ್ತದೆ. ಆ ಮೀಟರಿಗೆ ಬರುವ ವಯರು, ಅದರಿಂದ ಹೋಗುವ ವಯರು ಎರಡನ್ನೂ ಒಂದೇ ಬೋಲ್ಟಿಗೆ ಸೇರಿಸಿ ಇನ್ಸುಲೇಟ್ ಮಾಡಿ, ಬದಲಿಗೆ ವೋಲ್ಟ್ ಮೀಟರ್ ಹಾಕಿಕೊಳ್ಳಿ.

ಎಲ್ ವಯರು ಬ್ಯಾಟರಿ ದೀಪದ ಮೂಲಕವೇ ಬರಬೇಕು. ನೇರ 12 ವೋಲ್ಟ್ ಕೊಟ್ಟರೆ ರೆಗ್ಯುಲೇಟರ್ ಸುಡಬಹುದು. ಅನೇಕ ಆಲ್ಟರ್ನೇಟರ್‌ಗಳಲ್ಲಿ ಆ ದೀಪದ ಮೂಲಕ ಬರುವ ಸಣ್ಣ ಕರೆಂಟಿನಿಂದಲೇ ರೋಟರ್ ಎಚ್ಚೆತ್ತುಕೊಳ್ಳುತ್ತದೆ. ಬಲ್ಬ್ ಸುಟ್ಟಿದ್ದರೆ, ಅಥವಾ ಅದರ ಜಾಗದಲ್ಲಿ ಎಲ್‌ಇಡಿ ಹಾಕಿದ್ದರೆ, ಹೊಸ ಆಲ್ಟರ್ನೇಟರ್ ಚಾರ್ಜ್ ಕೊಡದೆ ಸುಮ್ಮನಿರಬಹುದು. "ಹೊಸದೂ ಕೆಟ್ಟಿದೆ" ಅಂತ ಅಂಗಡಿಗೆ ವಾಪಸ್ ಒಯ್ಯುವ ಮುಂಚೆ ಆ ಸಣ್ಣ ಬಲ್ಬು ನೋಡಿ. ಎಸ್ ಇದ್ದರೆ ಸಣ್ಣ ಫ್ಯೂಸಿನ ಮೂಲಕ ಬ್ಯಾಟರಿ ಪಾಸಿಟಿವ್‌ಗೆ ಸೇರಿಸಿ, ಖಾಲಿ ಬಿಡಬೇಡಿ.

ಕೊನೆಗೆ ಅರ್ಥ್. ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ ಒಂದು, ಎಂಜಿನ್ನಿಂದ ಬಾಡಿಗೆ ಒಂದು. ಬಣ್ಣ ಕೆರೆದು, ಬಿಗಿ ಮಾಡಿ, ಆಮೇಲೆ ಮೇಲಿಂದ ಜೆಲ್ಲಿ ಸವರಿ. ಜೆಲ್ಲಿ ಮೊದಲು, ಬಿಗಿ ಆಮೇಲೆ ಅನ್ನುವುದು ತಪ್ಪು ಕ್ರಮ.

ಹಂತ 8: ಶುರು ಮಾಡಿ ಅಳೆಯಿರಿ

ಸತ್ತ ಬ್ಯಾಟರಿಯನ್ನು ತುಂಬಿಸುವ ಕೆಲಸವನ್ನು ಹೊಸ ಆಲ್ಟರ್ನೇಟರಿಗೆ ಕೊಡಬೇಡಿ. ಅದು ಗಂಟೆಗಟ್ಟಲೆ ಪೂರ್ತಿ ದುಡಿದು ಕಾಯುತ್ತದೆ. ಬ್ಯಾಟರಿಯನ್ನು ಚಾರ್ಜರಿನಲ್ಲಿ ತುಂಬಿಸಿ ತನ್ನಿ. ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಸೇರಿಸಿ.

ಕೀಲಿ ತಿರುಗಿಸಿದಾಗ ಬ್ಯಾಟರಿ ದೀಪ ಹತ್ತಬೇಕು, ಎಂಜಿನ್ ಹತ್ತಿದ ಮೇಲೆ ಆರಬೇಕು. ಬ್ಯಾಟರಿಯ ಮೇಲೆ 13.8ರಿಂದ 14.4. 14.8 ದಾಟಿದರೆ ತಕ್ಷಣ ಎಂಜಿನ್ ನಿಲ್ಲಿಸಿ, ರೆಗ್ಯುಲೇಟರಿನಲ್ಲಿ ತೊಂದರೆ ಇದೆ. ಎಲ್ಲ ಲೋಡ್ ಹಾಕಿ ಹಂತ 1ರ ಅಳತೆಗಳನ್ನೇ ಮತ್ತೆ ಮಾಡಿ. ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿದರೆ 0.5ಕ್ಕಿಂತ ಕಡಿಮೆ ಬರಬೇಕು. ಜಾಸ್ತಿ ಬಂದರೆ ಡಯೋಡ್ ಕೆಟ್ಟಿದೆ. ಕಾಲು ತಾಸು ಓಡಿಸಿ, ಎಂಜಿನ್ ನಿಲ್ಲಿಸಿ, ಫ್ಯೂಸಿನ ಎರಡೂ ಕಡೆಯ ತಿಂಬಲ್‌ಗಳ ಹತ್ತಿರ ವಯರನ್ನು ಮುಟ್ಟಿ ನೋಡಿ. ಉಗುರು ಬೆಚ್ಚಗೆ ಇರಬಹುದು. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಜೋಡಣೆ ಸಡಿಲವಿದೆ.

ಎಂಜಿನ್ ಓಡುವಾಗ ಬ್ಯಾಟರಿ ತಂತಿ ಕಿತ್ತು "ಗಾಡಿ ನಿಂತರೆ ಡೈನಮೋ ಹೋಗಿದೆ" ಅಂತ ನೋಡುವ ಹಳೆ ಪದ್ಧತಿ ಈಗಲೂ ಇದೆ. ಅದು ಡೈನಮೋ ಕಾಲದ್ದು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್, ರೆಗ್ಯುಲೇಟರ್, ಎಂಜಿನ್ ಕಂಪ್ಯೂಟರ್ ಎಲ್ಲವೂ ಹೋಗಬಹುದು. ಯಾರಾದರೂ ನಿಮ್ಮ ಗಾಡಿಗೆ ಹಾಗೆ ಮಾಡಲು ಹೊರಟರೆ ಕೈ ಹಿಡಿದು ನಿಲ್ಲಿಸಿ.

ಹಂತ 9: ಆಮೇಲಿನ ಆರೈಕೆ

ಹೊಸ ಬೆಲ್ಟ್ ಹಿಗ್ಗುತ್ತದೆ. ಒಂದು ವಾರ ಓಡಿಸಿ ಮತ್ತೆ ಬಿಗಿ ನೋಡಿ, ಬಿ ಪ್ಲಸ್ ನಟ್ ಕೂಡ. ಗಾಡಿ ತೊಳೆಸುವಾಗ ಪ್ರೆಶರ್ ನೀರು ಆಲ್ಟರ್ನೇಟರಿಗೆ ಬೀಳದಂತೆ ಹೇಳಿ. ಕಡಲ ದಂಡೆಯಲ್ಲಿ ಗಾಡಿ ನಿಲ್ಲಿಸುವವರು ತಿಂಗಳಿಗೊಮ್ಮೆ ಬಾನೆಟ್ ತೆಗೆದು ಟರ್ಮಿನಲ್ ನೋಡಿ. ಬಿಳಿ, ಹಸಿರು ಪುಡಿ ಕಂಡರೆ ಬ್ಯಾಟರಿ ತಂತಿ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿ ನೀರಿನಿಂದ ತಿಕ್ಕಿ ಒರೆಸಿ, ಬಿಗಿ ಮಾಡಿ, ಜೆಲ್ಲಿ ಹಚ್ಚಿ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದಂತೆ ನೋಡಿಕೊಳ್ಳಿ. ಅಡಿಕೆ ತೋಟದ ಮನೆಯವರು ಇಲಿ ಕಡಿದಿದೆಯಾ ಅಂತಲೂ ನೋಡಬೇಕು, ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಅವಕ್ಕೆ ಬಲು ಇಷ್ಟ.

ಇವತ್ತಿನ ಅಳತೆಗಳನ್ನು ಬಾನೆಟ್ಟಿನ ಒಳಮೈ ಮೇಲೆ ಮಾರ್ಕರಿನಿಂದ ತಾರೀಖು ಸಮೇತ ಬರೆದಿಡಿ: ಲೋಡ್ ಇಲ್ಲದೆ ಎಷ್ಟು, ಲೋಡ್ ಹಾಕಿದಾಗ ಎಷ್ಟು, ಅರ್ಥಿನ ದಾರಿಯಲ್ಲಿ ಎಷ್ಟು. ಮುಂದಿನ ಮೇ ತಿಂಗಳಲ್ಲಿ, ಕಟ್ಟಿಗೆ ಒಟ್ಟಿ ಮಾಡಿಗೆ ಹಂಚು ಸರಿಮಾಡುವ ಹೊತ್ತಿಗೆ, ಮತ್ತೆ ಅಳೆದು ಪಕ್ಕದಲ್ಲೇ ಬರೆಯಿರಿ. ಅರ್ಥಿನ ಸಂಖ್ಯೆ 0.1ರಿಂದ 0.2ಕ್ಕೆ ಹತ್ತಿರ ಬಂದಿದ್ದರೆ ಪಟ್ಟಿ ಬಿಚ್ಚಿ ಬಗ್ಗಿಸಿ ನೋಡಿ.